ಇರುವೆಗೆ ಸಕ್ಕರೆ ನೀರು ಕುಡಿಸಿ ಕಾರು ಖಾಲಿ ಮಾಡಿಸಿದ್ದು

ಕಾರಿನಲ್ಲಿ ಇರುವೆ ಅಂದ್ರೆ ನಗಬೇಡಿ. ಮೇ ತಿಂಗಳಲ್ಲಿ ಅವ್ವ, ಹೆಂಡತಿ, ಎರಡು ಮಕ್ಕಳು, ಹೆಂಡತಿಯ ತಮ್ಮ ಎಲ್ಲರನ್ನೂ ಕೂರಿಸಿಕೊಂಡು ಕಲಬುರಗಿಯಿಂದ ಬೀದರ್‌ಗೆ ಹೊರಟಿದ್ದೆ. ಅದಕ್ಕೂ ಮುಂಚೆ ಹದಿನೈದು ದಿನ ಕಾರು ಬೇವಿನ ಗಿಡದ ಕೆಳಗೆ ನಿಂತಿತ್ತು. ಬೇವಿದ್ದಲ್ಲಿ ಹುಳ ಬರಲ್ಲ ಅಂತ ನಂಬಿದ್ದೆ. ಆದ್ರೆ ಒಂದು ಟೊಂಗೆ ಕಾರಿನ ನೆತ್ತಿಗೆ ತಾಗುತ್ತಿತ್ತು, ಅದೇ ಅವಕ್ಕೆ ದಾರಿ. 1,500 ಕೊಟ್ಟು ಒಳಗೆಲ್ಲ ಕ್ಲೀನ್ ಮಾಡಿಸಿದೆ, ಎರಡು ದಿನ ಕಾಣಲಿಲ್ಲ, ಅಷ್ಟೆ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡೆವು, ಆ ದಾರಿಯಲ್ಲಿ ಹೋಗಿ ತಗೊಳ್ಳದವರು ಯಾರು? ಹುಮನಾಬಾದ್ ಬರುವಷ್ಟರಲ್ಲಿ ಸಣ್ಣ ಕೆಂಪಿರುವೆ ಸೀಟಿನ ಸಂದಿಯಿಂದ, ಬಾಗಿಲ ರಬ್ಬರಿನಿಂದ ಸಾಲು ಹಿಡಿದವು. ಶೇಂಗಾ ಹೋಳಿಗೆ ಡಬ್ಬಿ ಅವುಗಳ ಪಾಲಾಯ್ತು, ಸಣ್ಣ ಮಗಳ ಕುತ್ತಿಗೆ ಮೇಲೆಲ್ಲ ಹರಿದಾಡಿದವು. ಸುಮಾರು 200 ರೂಪಾಯಿಯ ಸ್ಪ್ರೇ ತಂದು ಹೊಡೆದೆ. ದೊಡ್ಡ ತಪ್ಪು. ಅವ್ವ ಕೆಮ್ಮಿ ಸುಸ್ತಾದಳು, ಆ ಉರಿಬಿಸಿಲಲ್ಲಿ ಎಸಿ ಬಂದ್ ಮಾಡಿ ಗಾಜು ಇಳಿಸಿಕೊಂಡು ಹೋದೆವು. ಕಣ್ಣಿಗೆ ಕಂಡವು ಸತ್ತವು ನಿಜ, ಸಾಯಂಕಾಲ ನೋಡಿದರೆ ಒಂದು ಸಾಲು ಇದ್ದದ್ದು ಮೂರಾಗಿತ್ತು. ಸಣ್ಣ ಇರುವೆಗಳಲ್ಲಿ ಕೆಲವು ಜಾತಿ ಹೀಗೇ, ಸ್ಪ್ರೇ ಬಿದ್ದರೆ ಗೂಡು ಒಡೆದು ಬೇರೆ ಬೇರೆ ಕಡೆ ಸಂಸಾರ ಹೂಡುತ್ತವೆ, ಒಂದೊಂದು ಕಡೆಗೂ ರಾಣಿ ಇರುತ್ತಾಳೆ.

ಬೀದರ್‌ನಲ್ಲಿ ರಾತ್ರಿ ಮೆಡಿಕಲ್‌ಗೆ ಹೋಗಿ ಬೋರಿಕ್ ಪೌಡರ್ ತಂದೆ. ನಲವತ್ತೋ ಐವತ್ತೋ ಕೊಟ್ಟಿರಬೇಕು. ಕೇರಂ ಆಡುವವರಿಗೆ ಗೊತ್ತಿರುತ್ತೆ ಇದು. ಸಕ್ಕರೆ ನೀರಿಗೆ ಕಲಸಿ, ಹತ್ತಿಗೆ ನೆನೆಸಿ, ಬಾಟಲಿ ಮುಚ್ಚಳದಲ್ಲಿಟ್ಟೆ. ಹೆಂಡತಿಯ ತಮ್ಮ ಬಿದ್ದು ಬಿದ್ದು ನಕ್ಕ. "ಮಾಮಾ, ಇರುವಿಗೆ ಸಕ್ರಿ ನೀರು ಕುಡಸಲಾಕತ್ತೀರಿ, ಹಾಸಿಗಿನೂ ಹಾಸತೀರೇನು?"

ಮೊದಲನೇ ರಾತ್ರಿ ಅವನೇ ಗೆದ್ದ. ಜೋಶ್‌ನಲ್ಲಿ ಎರಡು ಚಮಚ ಪೌಡರ್ ಸುರಿದಿದ್ದೆ, ಮುಚ್ಚಳದ ಸುತ್ತಲೇ ಸತ್ತು ಬಿದ್ದಿದ್ದವು. ಅಲ್ಲೇ ಸತ್ತರೆ ಏನು ಉಪಯೋಗ, ಗೂಡಿಗೆ ಹೊತ್ತುಕೊಂಡು ಹೋಗಿ ರಾಣಿಗೆ ತಿನ್ನಿಸಬೇಕಲ್ವಾ? ಎರಡನೇ ರಾತ್ರಿ ಒಂದು ಕಪ್ ಬಿಸಿ ನೀರಿಗೆ ಮೂರು ಚಮಚ ಸಕ್ಕರೆ, ಪೌಡರ್ ಬರೀ ಅರ್ಧ ಟೀ ಚಮಚ. ಜೊತೆಗೆ ಇನ್ನೊಂದು ಚಿಟಿಕೆ ಏನೋ ಹಾಕಿದೆ, ಅದು ನನ್ನ ಹತ್ತಿರವೇ ಇರಲಿ. ಬೆಳಿಗ್ಗೆ ನೋಡಿದರೆ ಹತ್ತಿ ಕಾಣದಷ್ಟು ಇರುವೆ! ಒಂದನ್ನೂ ಮುಟ್ಟಲಿಲ್ಲ. ಹೆಂಡತಿಗೆ ಮಾತ್ರ ತಡೆಯಲಾಗಲಿಲ್ಲ, ಒರೆಸಲು ಬಂದವಳನ್ನು ಕೈಮುಗಿದು ವಾಪಸ್ ಕಳಿಸಿದೆ.

ಸುಮ್ನೆ ನೋಡೋಣ ಅಂತ ಪಕ್ಕದಲ್ಲಿ ಬೆಲ್ಲದ ನೀರು, ಶೇಂಗಾ ಚಟ್ನಿ ಕೂಡ ಇಟ್ಟಿದ್ದೆ. ಬೆಲ್ಲಕ್ಕೆ ಹತ್ತಿಪ್ಪತ್ತು ಬಂದವು, ಚಟ್ನಿ ಕಡೆ ಹೆಚ್ಚು ಹೋಗಲಿಲ್ಲ. ಬೇರೆ ಜಾತಿ ಇರುವೆಯಾದರೆ ಉಲ್ಟಾ ಆಗಬಹುದು, ಎಣ್ಣೆ ಜಿಡ್ಡಿಗೇ ಮುತ್ತುತ್ತವೆ, ಮೊದಲು ಹೀಗೆ ರುಚಿ ನೋಡಿಸಿ. ಹಗಲು ನರಸಿಂಹ ಝರಣಿಗೆ, ಕೋಟೆಗೆ ಹೋಗುವಾಗ ಮುಚ್ಚಳ ತೆಗೆದು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆ. ಮಕ್ಕಳ ಕೈಗೆ ಸಿಗಬಾರದು, ಇದು ಮಾತ್ರ ತಮಾಷೆಯಲ್ಲ.

ಮೂರನೇ ದಿನ ಸಾಲು ತೆಳುವಾಯ್ತು. ಕಲಬುರಗಿಗೆ ಬಂದು ನಾಲ್ಕೈದು ದಿನಕ್ಕೆ ಒಂದೂ ಇಲ್ಲ. ಸೀಟು ಬಿಚ್ಚಿದರೆ ಹಳಿಯ ಪಕ್ಕ ಒಣಗಿ ಕಪ್ಪಾದ ಬಾಳೆ ಸಿಪ್ಪೆ, ಯಾರು ಬಿಸಾಕಿದ್ದು ಅಂತ ಇವತ್ತಿಗೂ ಯಾರೂ ಒಪ್ಪಿಲ್ಲ. ನಕ್ಕಿದ್ದನಲ್ಲ, ಅವನು ಮೊನ್ನೆ ಫೋನ್ ಮಾಡಿ ಅವರ ಅಡುಗೆಮನೆಗೆ ಅಳತೆ ಕೇಳಿದ. ಹೇಳಿದೆ, ಆ ಚಿಟಿಕೆ ಒಂದು ಬಿಟ್ಟು.