ಮೃಗಶಿರಾ ಮಳೆಗೆ ಮೊದಲೇ ಮಾಳಿಗೆ ಹತ್ತಿ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆಗೆ ಶಹಾಬಾದ್ ಕಲ್ಲಿನ ಚಪ್ಪಡಿಗಳ ಮಾಳಿಗೆ. ಅದರ ಹಿತ್ತಲಿನಲ್ಲಿ ನಾವು ಹಾಕಿಸಿದ ಎರಡು ಮನೆಗಳಿಗೆ ಕಾಂಕ್ರೀಟ್ ಸ್ಲ್ಯಾಬು. ಸ್ಲ್ಯಾಬಿನ ಒಂದರಲ್ಲಿ ನಾನಿದ್ದೇನೆ, ಉಳಿದ ಎರಡು ಬಾಡಿಗೆಗೆ. ಒಂದು ವರ್ಷ ಕಲ್ಲುಮನೆಯ ಬಾಡಿಗೆದಾರ ಮೇ ತಿಂಗಳಲ್ಲೇ ಎರಡು ಸಲ ಬಂದು, "ಅಕ್ಕಾ, ಮೂಲೆಯಲ್ಲಿ ಸಂದು ಬಿಟ್ಟಿದೆ" ಎಂದಿದ್ದರು. "ನೋಡೋಣ ತಮ್ಮಾ" ಎಂದೆ, ನೋಡಲಿಲ್ಲ. ಜುಲೈನಲ್ಲಿ ಅವರ ಜೋಳದ ಚೀಲ ನೆನೆದು ಮೊಳಕೆ ಬಂತು. ಶ್ರಾವಣ ಮುಗಿಯುವ ಮೊದಲೇ ಮನೆ ಬಿಟ್ಟರು. ನಾಲ್ಕು ತಿಂಗಳು ಮನೆ ಖಾಲಿ ಬಿತ್ತು. ಗೌಂಡಿಗೆ ಕೊಡಬೇಕಾಗಿದ್ದದ್ದು ಎರಡು ದಿನದ ಕೂಲಿ ಮಾತ್ರ. ಅಂದಿನಿಂದ ರಿಪೇರಿ ಕೆಲಸಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನನ್ನಂತೆ ಮನೆ ಬಾಡಿಗೆಗೆ ಕೊಟ್ಟವರಿಗೆ ಅದರಲ್ಲಿರುವುದನ್ನೇ ಹೇಳುತ್ತೇನೆ.

ಮೃಗಶಿರಾ ಮಳೆ ಜೂನ್ 7-8ರ ಸುಮಾರಿಗೆ ಕೂಡುತ್ತದೆ. ಅದಕ್ಕೆ ಒಂದು ತಿಂಗಳು ಮೊದಲೇ ಮಾಳಿಗೆ ಹತ್ತಿ. ಕಲ್ಲು ಸೋರುವುದಿಲ್ಲ, ಸೋರುವುದು ಸಂದು. ಹಳೆಯ ಗಾರೆಯನ್ನು ಒಂದು ಇಂಚು ಆಳಕ್ಕೆ ಕೆರೆದು, ದೂಳು ಗುಡಿಸಿ, ನೀರು ಹೊಡೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯಲ್ಲಿ ಸೋರಿಕೆ ತಡೆಯುವ ದ್ರವ ಕಲಸಿ ತುಂಬಿಸಬೇಕು. ಹಳೆಯ ಗಾರೆಯ ಮೇಲೆಯೇ ಸಿಮೆಂಟ್ ಸವರುವ ಗೌಂಡಿಯನ್ನು ಅಲ್ಲಿಂದಲೇ ಇಳಿಸಿಬಿಡಿ. ನಮ್ಮ ಮೇ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ತುಂಬಿದ ಸಂದು ಬೇಗ ಒಣಗಿ ಮತ್ತೆ ಬಾಯಿ ಬಿಡುತ್ತದೆ. ಆದ್ದರಿಂದ ಕೆಲಸ ಸಂಜೆ ಮಾಡಿಸಿ, ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ನೀರುಣಿಸಿ. ಆಮೇಲೆ ಮಾಳಿಗೆಗೆಲ್ಲ ಸುಣ್ಣ ಬಳಿಸಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗಿ ಒಳಗೆ ಸೆಕೆ ಇಳಿಯುತ್ತದೆ. ಮಳೆನೀರು ಇಳಿಯುವ ಕೊಳವೆಯ ಬಾಯಿಯಲ್ಲಿ ಬೇವಿನ ಎಲೆ, ಪಾರಿವಾಳದ ಗೂಡು ಇದ್ದೇ ಇರುತ್ತವೆ. ಒಂದು ಕೊಡ ನೀರು ಸುರಿದು ಕೆಳಗೆ ಬರುವುದನ್ನು ಕಣ್ಣಾರೆ ನೋಡಿ.

ಇದಕ್ಕಿಂತ ನನಗೆ ಹೆಚ್ಚು ಭಯ ಕೂಲರಿನದು. ಯುಗಾದಿ ಬಂತೆಂದರೆ ಪ್ರತಿ ಕಿಟಕಿಗೂ ಒಂದು ತಗಡಿನ ಕೂಲರ್. ಬಾಡಿಗೆದಾರರು ಎರಡು ಪಿನ್ನಿನ ತಂತಿ ಎಳೆದು ನಡೆಸುತ್ತಾರೆ. ಮೈಯೆಲ್ಲ ತಗಡು, ಒಳಗೆ ನೀರು, ನೀರಿನಲ್ಲಿ ಪಂಪು. ಕೂಲರ್ ಅವರದೇ ಇರಬಹುದು, ಆದರೆ ಗೋಡೆಯೊಳಗಿನ ತಂತಿ ನಿಮ್ಮದು. ಕಿಟಕಿಯ ಪಕ್ಕದಲ್ಲೇ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಹಾಕಿಸಿ. ನಮ್ಮ ಕರಿ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಒಣಮಣ್ಣಿನಲ್ಲಿ ಅರ್ತಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಫಾಲ್ಗುಣದಿಂದಲೇ ಅರ್ತಿಂಗ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕುತ್ತೇನೆ. ನೆರೆಯವರು ನಗುತ್ತಾರೆ, ನಗಲಿ. ಕರೆಂಟಿನ ಪೆಟ್ಟಿಗೆಯಲ್ಲಿ ಎಂಸಿಬಿ ಸ್ವಿಚ್ಚು ಇದೆ ಎಂದು ನಿಶ್ಚಿಂತರಾಗಬೇಡಿ. ಅದು ತಂತಿ ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಬಾಡಿಗೆ ಕೊಡಲು ಬಂದವರ ಕೈಯಲ್ಲೇ ಒತ್ತಿಸುತ್ತೇನೆ. ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಬೇಕೆಂದು ಮನೆಯ ಮಕ್ಕಳಿಗೂ ಹೇಳಿದ್ದೇನೆ.

ನಲ್ಲಿಗಳ ವಿಷಯ ಚಿಕ್ಕದು. ಬೋರಿನ ನೀರು ಗಡಸು. ಬಾಯಿಗೆ ಬಿಳಿ ಉಪ್ಪು ಕಟ್ಟಿದರೆ ನಿಂಬೆಹುಳಿ ಹಚ್ಚಿ ಒಂದು ಗಂಟೆ ಬಿಟ್ಟು ಉಜ್ಜಿ. ವಾಷರ್‌ಗಳನ್ನು ಡಜನ್‌ಗಟ್ಟಲೆ ತಂದಿಟ್ಟುಕೊಳ್ಳಿ. ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ತೊಳೆಸಿ, ತೊಳೆಸುವ ದಿನವನ್ನು ಮುಂಚೆಯೇ ತಿಳಿಸಿ. ಬಟ್ಟೆಗೆ ಸೋಪು ಹಾಕಿದ ಮೇಲೆ ನೀರು ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮನೆಗೊಂದು ಪ್ರತ್ಯೇಕ ಮೀಟರ್ ಇರಲಿ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರೂ ಅರ್ಜಿ ಹಾಕಬಹುದಾಗಿತ್ತು. ಒಂದೇ ಮೀಟರಿನಲ್ಲಿ ಮೂರು ಸಂಸಾರ ಇಟ್ಟ ಮಾಲೀಕರ ಮನೆಗಳಲ್ಲಿ ಆ ಬಿಲ್ಲಿನದೇ ಜಗಳ.

ರಿಪೇರಿಯವನನ್ನು ಹೇಳದೆ ಕೇಳದೆ ಕಳಿಸಬೇಡಿ. ಹಿಂದಿನ ದಿನ ಸಮಯ ಕೇಳಿಕೊಳ್ಳಿ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ನಾನೇ ಜೊತೆಗೆ ಹೋಗಿ ಕೂರುತ್ತೇನೆ, ಚಹಾ ಸಿಕ್ಕರೆ ಬೇಡವೆನ್ನುವುದಿಲ್ಲ. ಒಂದು ದೂರನ್ನು ಎರಡನೆಯ ಸಲ ಹೇಳಿಸಿಕೊಳ್ಳುವುದಿಲ್ಲ ಎಂಬುದು ನನ್ನ ಹಟ. ಆಗದ ಕೆಲಸವಾದರೆ ಆಗದೆಂದೇ ಹೇಳುತ್ತೇನೆ. ಕಳೆದ ವರ್ಷ ಬಾಡಿಗೆದಾರರೊಬ್ಬರು ಎರಡನೆಯ ಶೌಚಾಲಯ ಕೇಳಿದರು. ಜಾಗವಿಲ್ಲ ಎಂದೆ, ಅವರು ಬೇಸರಪಟ್ಟುಕೊಂಡರೂ ಮನೆ ಬಿಡಲಿಲ್ಲ.

ಜೋಳದ ಚೀಲದವರ ನಂತರ ಬಂದ ಆಳಂದ ಕಡೆಯ ಕುಟುಂಬ ಇಂದಿಗೂ ಕಲ್ಲುಮನೆಯಲ್ಲೇ ಇದೆ. ಈ ಸಲದ ನೋಟ್‌ಬುಕ್ಕಿನಲ್ಲಿ ಹಿತ್ತಲ ಚರಂಡಿ ಚೇಂಬರಿನ ಮುಚ್ಚಳ ಇನ್ನೂ ಬಾಕಿ. ಅದೂ ಶಹಾಬಾದ್ ಕಲ್ಲೇ, ನಡುವೆ ಸೀಳಿದೆ.