ಒಂದೇ ಹೊಲ, ಎರಡು ಪಾಲು: ಹಾರ್ಡ್ ಡಿಸ್ಕ್ ಪಾರ್ಟಿಷನ್ ಮಾಡುವುದು ಹೇಗೆ?

ಲಗ್ನದ ಸೀಸನ್ ಬಂತೆಂದರೆ ಗದಗಿನ ಪ್ರೆಸ್‌ಗಳಲ್ಲಿ ಡಿಟಿಪಿ ಮಾಡುವವರಿಗೆ ಊಟಕ್ಕೂ ಪುರಸೊತ್ತು ಸಿಗುವುದಿಲ್ಲ. ಮುದ್ರಣ ಕಾಶಿ ಅಂತ ಹೆಸರಾದ ಊರು ಇದು. ಲಗ್ನಪತ್ರ, ಜವಳದ ಕಾರ್ಡು, ಜಾತ್ರೆಯ ಕರಪತ್ರ, ಬಿಲ್ ಬುಕ್ಕು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಅಂಥದ್ದೇ ಒಂದು ಸೀಸನ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ನನಗೆ ಫೋನ್ ಬಂತು. "ಅಣ್ಣಾರ, ವಿಂಡೋಸ್ ಚಾಲೂ ಆಗವಲ್ದು ಅಂತ ಹುಡುಗ ಬಂದು ಫಾರ್ಮ್ಯಾಟ್ ಹೊಡದಾನ್ರೀ. ಡೆಸ್ಕ್‌ಟಾಪ್ ಮ್ಯಾಲಿಂದು ಒಂದೂ ಫೈಲ್ ಇಲ್ರೀ."

ಡೆಸ್ಕ್‌ಟಾಪ್ ಅಂದರೆ ಬೇರೆ ಏನೋ ಒಂದು ಜಾಗ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಸಿ ಡ್ರೈವ್‌ನ ಒಳಗಿನ ಒಂದು ಫೋಲ್ಡರ್. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕೂಡ ಅಲ್ಲೇ ಇರುತ್ತವೆ. ಸಿ ಫಾರ್ಮ್ಯಾಟ್ ಆದರೆ ವಿಂಡೋಸ್ ಜೊತೆ ಅವೂ ಹೋಗುತ್ತವೆ. ಆ ಪ್ರೆಸ್ಸಿನಲ್ಲಿ ಮೂವತ್ತಕ್ಕೂ ಜಾಸ್ತಿ ಲಗ್ನಪತ್ರಗಳು ಹೋಗಿದ್ದವು. ಪಾರ್ಟಿಯವರು ಸಹಿ ಮಾಡಿ ಕೊಟ್ಟಿದ್ದ ಪ್ರೂಫ್ ಹಾಳೆಗಳು ಮೇಜಿನ ಮೇಲೆ ಉಳಿದಿದ್ದವು. ಅವನ್ನೇ ಮುಂದಿಟ್ಟುಕೊಂಡು ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು. ಆ ಹುಡುಗನನ್ನು ನಾನು ಬೈಯಲಿಲ್ಲ. ವಿಂಡೋಸ್ ಹಾಕು ಅಂದಿದ್ದರು, ಹಾಕಿದ್ದ. ವಿಂಡೋಸ್‌ಗೂ ನಮ್ಮ ಕೆಲಸಕ್ಕೂ ನಡುವೆ ಬದು ಹಾಕದೆ ಬಿಟ್ಟಿದ್ದೇ ತಪ್ಪು.

ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ, ಸಿಯನ್ನು ವಿಂಡೋಸ್‌ಗೆ, ಡಿ ಅನ್ನುವ ಹೊಸ ಪಾಲನ್ನು ಕೆಲಸದ ಫೈಲುಗಳಿಗೆ ಬಿಡುವುದೇ ಆ ಬದು. ಅದನ್ನು ಹಾಕುವುದು ಹೇಗೆ ಅಂತ ನೋಡೋಣ. ವಿಂಡೋಸ್ 10, 11 ಎರಡಕ್ಕೂ ಇದೇ ಕ್ರಮ. ಬೇರೆ ಸಾಫ್ಟ್‌ವೇರ್ ಏನೂ ಕೊಳ್ಳಬೇಕಾಗಿಲ್ಲ.

ಡಿಸ್ಕಿನ ಉತಾರ

ಹೊಲದ ವಾಟ್ನಿ ಮಾಡಿದರೆ ಭೂಮಿ ಹೆಚ್ಚಾಗುವುದಿಲ್ಲ. ಹತ್ತು ಎಕರೆ ಎರಿ ಹೊಲ ಐದೈದು ಎಕರೆ ಆಗುತ್ತದೆ, ಉತಾರದಲ್ಲಿ (ಪಹಣಿಯಲ್ಲಿ) ಎರಡು ಹೆಸರು ಬರುತ್ತವೆ, ಅಷ್ಟೇ. ಡಿಸ್ಕಿನಲ್ಲೂ ಹಾಗೇ. ಯಾವ ಪಾಲು ಎಲ್ಲಿ ಶುರು, ಎಲ್ಲಿಗೆ ಮುಗಿಯುತ್ತದೆ ಅಂತ ಬರೆದಿಟ್ಟ ಒಂದು ಸಣ್ಣ ಪಟ್ಟಿ ಡಿಸ್ಕಿನ ಆರಂಭದಲ್ಲೇ ಇರುತ್ತದೆ. ಅದನ್ನು ಪಾರ್ಟಿಷನ್ ಟೇಬಲ್ ಅನ್ನುತ್ತಾರೆ.

ಈ ಪಟ್ಟಿಯಲ್ಲಿ ಎರಡು ಬಗೆ. ಹಳೆಯದು ಎಂಬಿಆರ್. 1983ರಲ್ಲಿ, ವಿಂಡೋಸ್‌ಗೂ ಮೊದಲಿದ್ದ ಡಾಸ್ 2.0 ಜೊತೆ ಬಂದದ್ದು. ಅದರಲ್ಲಿ ಮುಖ್ಯ ಪಾಲು ನಾಲ್ಕೇ ಮಾಡಬಹುದು, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಹಿಡಿಯಲಾರದು. ಹೊಸದು ಜಿಪಿಟಿ. ವಿಂಡೋಸ್‌ನಲ್ಲಿ ಇದಕ್ಕೆ 128 ಪಾಲುಗಳವರೆಗೆ ಅವಕಾಶ ಇದೆ. ವಿಂಡೋಸ್ 11 ಹಾಕಿಕೊಂಡೇ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಟಿಯೇ ಇರುತ್ತದೆ. ಅಂದಹಾಗೆ, ಹೆಸರು ಸಿಯಿಂದಲೇ ಯಾಕೆ ಶುರು ಅಂತ ಮಕ್ಕಳು ಕೇಳುತ್ತಾರೆ. ಎ ಮತ್ತು ಬಿ ಆಗಿನ ಫ್ಲಾಪಿ ಡ್ರೈವ್‌ಗಳಿಗೆ ಹೋಗಿದ್ದವು. ಫ್ಲಾಪಿ ಹೋದರೂ ಹೆಸರು ಉಳಿಯಿತು.

ಪಾಲು ಮಾಡಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಎಸ್‌ಎಸ್‌ಡಿಯಲ್ಲಿ ಹಾಗೇನೂ ಆಗುವುದಿಲ್ಲ (ಎಸ್‌ಎಸ್‌ಡಿ ಅಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್). ಫಾರ್ಮ್ಯಾಟ್ ಮಾಡುವ ದಿನ ಬಂದಾಗ ಕೆಲಸದ ಫೈಲುಗಳು ಉಳಿಯಬೇಕು, ಅದಕ್ಕಾಗಿ ಪಾಲು.

ಮೊದಲು ಕಾಪಿ, ಆಮೇಲೆ ಉಳಿದದ್ದು

ಪಾರ್ಟಿಷನ್ ಮಾಡುವಾಗ ಫೈಲುಗಳು ಅಳಿಯುವುದಿಲ್ಲ. ಆದರೆ ನಡುವೆ ಕರೆಂಟ್ ಹೋದರೆ ಅಳಿಯಬಹುದು. ಆದ್ದರಿಂದ ಮುಖ್ಯ ಫೈಲುಗಳೆಲ್ಲ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹೋಗಲಿ. ಕಾಪಿ ಆದ ಮೇಲೆ ಎರಡು ಮೂರು ಫೈಲುಗಳನ್ನು ಅಲ್ಲಿಂದಲೇ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಫೈಲ್ ತೆರೆಯಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಸಿಯಲ್ಲಿ ಇದ್ದದ್ದನ್ನು ಡಿಗೆ ಕಾಪಿ ಮಾಡಿ "ಬ್ಯಾಕಪ್ ಆಯಿತು" ಅಂದುಕೊಳ್ಳಬೇಡಿ. ಸಿ ಮತ್ತು ಡಿ ಒಂದೇ ಸೂರಿನ ಕೆಳಗಿನ ಎರಡು ಕೋಣೆ. ಡಿಸ್ಕೇ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ನನ್ನ ಮಗಳು ಚಿಕ್ಕವಳಿದ್ದಾಗಿನ ಫೋಟೋಗಳನ್ನು ನಾನು ಹೀಗೇ ಕಳೆದುಕೊಂಡೆ. ಎರಡು ಕಾಪಿ ಇದ್ದವು, ಎರಡೂ ಅದೇ ಡಿಸ್ಕಿನಲ್ಲಿ.

ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಮೇಲಿರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿ ಚಾರ್ಜರ್ ಹಚ್ಚಿರಲಿ. ಆಮೇಲೆ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್' ಅಂತ ಹೋಗಿ ಡ್ರೈವ್‌ನಲ್ಲಿ ದೋಷ ಇದೆಯಾ ನೋಡಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಪಾರ್ಟಿಷನ್ ಕೆಲಸಕ್ಕೆ ಕೈ ಹಾಕಲೇಬೇಡಿ. ಅಂಥ ಡಿಸ್ಕಿನಿಂದ ಫೈಲುಗಳನ್ನು ಹೊರಗೆ ತೆಗೆದು ಬೇರೆ ಡಿಸ್ಕ್ ಹಾಕಿಸಿ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ ಡ್ರೈವ್‌ನ ಗುರುತಿನ ಮೇಲೆ ಸಣ್ಣ ಬೀಗದ ಚಿತ್ರ ಕಾಣಬಹುದು. ಬಿಟ್‌ಲಾಕರ್ ಆನ್ ಆಗಿದೆ, ಅಂದರೆ ವಿಂಡೋಸ್ ನಿಮ್ಮ ಫೈಲುಗಳಿಗೆ ಬೀಗ ಹಾಕಿಟ್ಟಿದೆ ಅಂತ ಅರ್ಥ. ಆ ಬೀಗ ತೆಗೆಯುವ ರಿಕವರಿ ಕೀ 48 ಅಂಕಿಗಳದ್ದು. ಮುಂದುವರಿಯುವ ಮೊದಲು ಅದನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಯಾರಿಗೆ ಎಷ್ಟು ಪಾಲು?

512 ಜಿಬಿ ಅಂತ ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 476 ಜಿಬಿ ಕಾಣಿಸುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ. ಇದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಡಿಸ್ಕ್ ಒಂದೇ, ಅಳತೆಯ ಕೋಲು ಬೇರೆ.

ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು. ಆದರೆ ಅಷ್ಟೇ ಕೊಟ್ಟರೆ ಕೆಲವೇ ತಿಂಗಳಲ್ಲಿ ಅಪ್‌ಡೇಟ್‌ಗಳಿಗೆ ಜಾಗ ಸಾಲದೆ ಒದ್ದಾಡುತ್ತೀರಿ. ಕೋರಲ್‌ಡ್ರಾ, ಫೋಟೋಶಾಪ್ ಬಳಸುವವರು ಸಿಗೆ 200 ಜಿಬಿ ಬಿಡಿ ಅಂತ ನಾನು ಹೇಳುತ್ತೇನೆ. ನಿಮ್ಮದು 256 ಜಿಬಿ ಎಸ್‌ಎಸ್‌ಡಿ ಇದ್ದರೆ ಪಾಲು ಮಾಡದಿರುವುದೇ ಒಳ್ಳೆಯದು. ಎರಡು ಎಕರೆ ಹೊಲ ಒಡೆದರೆ ಎತ್ತು ತಿರುಗಿಸಲೂ ಜಾಗ ಇರುವುದಿಲ್ಲ, ಅಲ್ವಾ? ಅಂಥವರು ಕೆಲಸದ ಫೈಲುಗಳಿಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟುಕೊಳ್ಳಲಿ.

ಸಿಗೆ ಎಷ್ಟು ಅಂತ ಸ್ವಲ್ಪ ಯೋಚಿಸಿಯೇ ತೀರ್ಮಾನಿಸಿ. ಯಾಕೆಂದರೆ ಆಮೇಲೆ ಸಿಯನ್ನು ದೊಡ್ಡದು ಮಾಡಬೇಕೆಂದರೆ ಅದರ ಬಲಗಡೆಗೆ ಹತ್ತಿಕೊಂಡೇ ಖಾಲಿ ಜಾಗ ಇರಬೇಕು. ನಡುವೆ ಡಿ ಬಂದು ಕೂತಿದ್ದರೆ ವಿಂಡೋಸ್ ಒಪ್ಪುವುದಿಲ್ಲ. ನಿಮ್ಮ ಹೊಲಕ್ಕೂ ಆಚೆಯ ಖಾಲಿ ಹೊಲಕ್ಕೂ ನಡುವೆ ತಮ್ಮನ ಪಟ್ಟಿ ಇದ್ದ ಹಾಗೆ.

ಪಾಲು ಮಾಡುವ ಕೆಲಸ

ಕೆಳಗಿನ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ. ಬರುವ ಪಟ್ಟಿಯಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಇದೆ, ಅದನ್ನು ತೆರೆಯಿರಿ. ಕೆಳಗಿನ ಅರ್ಧದಲ್ಲಿ 'ಡಿಸ್ಕ್ 0' ಅಂತ ಒಂದು ಉದ್ದನೆಯ ಪಟ್ಟಿ ಕಾಣುತ್ತದೆ. ನಿಮ್ಮ ಹೊಲದ ನಕ್ಷೆ ಅದೇ. ಸಿ ಇರುವ ದೊಡ್ಡ ಭಾಗದ ಎಡಕ್ಕೆ 'ಇಎಫ್ಐ' ಅಂತ, ಬಲಕ್ಕೆ 'ರಿಕವರಿ' ಅಂತ ಅಕ್ಷರದ ಹೆಸರಿಲ್ಲದ ಸಣ್ಣ ತುಂಡುಗಳು ಇರಬಹುದು. ಅವನ್ನು ಮುಟ್ಟಬೇಡಿ. ಇಎಫ್ಐ ತುಂಡು ಹೋದರೆ ಕಂಪ್ಯೂಟರ್‌ಗೆ ವಿಂಡೋಸ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಈಗ ಸಿ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಒತ್ತಿ. ವಿಂಡೋಸ್ ಸ್ವಲ್ಪ ಹೊತ್ತು ಲೆಕ್ಕ ಹಾಕಿ ನಾಲ್ಕು ಸಾಲಿನ ಒಂದು ಬಾಕ್ಸ್ ತೋರಿಸುತ್ತದೆ. ಜಾಸ್ತಿ ಜನ ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಓದಿ. ಮೊದಲ ಸಾಲು ಸಿಯ ಈಗಿನ ಗಾತ್ರ. ಎರಡನೆಯದು ಎಷ್ಟು ಜಾಗ ಬಿಡಿಸಬಹುದು ಅನ್ನುವುದು. ಮೂರನೆಯದರಲ್ಲಿ ಮಾತ್ರ ನಾವು ಬರೆಯಬಹುದು. ಎಷ್ಟು ಬಿಟ್ಟುಕೊಡಬೇಕು ಅಂತ ಅಲ್ಲಿ ಬರೆಯಬೇಕು. ಸಿಯಲ್ಲಿ ಎಷ್ಟು ಉಳಿಯಬೇಕು ಅಂತ ಅಲ್ಲ. ಉಳಿಯುವುದು ಎಷ್ಟು ಅಂತ ನಾಲ್ಕನೇ ಸಾಲು ತಾನೇ ತೋರಿಸುತ್ತದೆ.

ಲೆಕ್ಕ ಎಲ್ಲ ಎಂಬಿಯಲ್ಲಿ ಇರುತ್ತದೆ. ಡಿಗೆ 250 ಜಿಬಿ ಬೇಕಾದರೆ 250ನ್ನು 1024ರಿಂದ ಗುಣಿಸಿ. 2,56,000 ಆಗುತ್ತದೆ. ಅಲ್ಪವಿರಾಮ ಇಲ್ಲದೆ ಆ ಅಂಕಿ ಬರೆಯಿರಿ. 512 ಜಿಬಿ ಡಿಸ್ಕ್ ಆದರೆ ಸಿಯಲ್ಲಿ ಸುಮಾರು 225 ಜಿಬಿ ಉಳಿಯುತ್ತದೆ. ನಾಲ್ಕನೇ ಸಾಲನ್ನು ಇನ್ನೊಮ್ಮೆ ನೋಡಿ 'ಶ್ರಿಂಕ್' ಒತ್ತಿ.

ಪಟ್ಟಿಯಲ್ಲಿ ಈಗ ಕಪ್ಪು ಗೆರೆಯ ಹೊಸ ಭಾಗ ಕಾಣುತ್ತದೆ. 'ಅನ್‌ಅಲೊಕೇಟೆಡ್' ಅಂತ ಬರೆದಿರುತ್ತದೆ. ಬದು ಬಿತ್ತು, ಆದರೆ ಇನ್ನೂ ಯಾರ ಹೆಸರಿಗೂ ಬಂದಿಲ್ಲ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ತೆಗೆದುಕೊಳ್ಳಿ. ಗಾತ್ರ ಕೇಳಿದರೆ ಇದ್ದದ್ದೇ ಇರಲಿ. ಅಕ್ಷರ ಡಿ ಇರಲಿ. ಡಿವಿಡಿ ಡ್ರೈವ್ ಡಿಯನ್ನು ಹಿಡಿದುಕೊಂಡಿದ್ದರೆ ಇ ಕೊಟ್ಟರೂ ನಡೆಯುತ್ತದೆ. ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. 'ವಾಲ್ಯೂಮ್ ಲೇಬಲ್' ಜಾಗದಲ್ಲಿ 'ನ್ಯೂ ವಾಲ್ಯೂಮ್' ಅಂತ ಬಿಡಬೇಡಿ, 'ಕೆಲಸ' ಅಂತಲೋ ನಿಮ್ಮ ಪ್ರೆಸ್ಸಿನ ಹೆಸರೋ ಹಾಕಿ. ಈ ಹೆಸರು ಮುಂದೆ ಕೆಲಸಕ್ಕೆ ಬರುತ್ತದೆ. 'ಕ್ವಿಕ್ ಫಾರ್ಮ್ಯಾಟ್' ಟಿಕ್ ಇರಲಿ. 'ಫಿನಿಶ್'.

ಈ ಹಂತದಲ್ಲಿ ಹಳೆಯ ಕಂಪ್ಯೂಟರ್‌ಗಳು ಒಂದು ಪ್ರಶ್ನೆ ಕೇಳಬಹುದು. ಡಿಸ್ಕನ್ನು 'ಬೇಸಿಕ್'ನಿಂದ 'ಡೈನಾಮಿಕ್'ಗೆ ಬದಲಿಸಲಾ ಅಂತ. ಎಂಬಿಆರ್‌ನ ನಾಲ್ಕು ಪಾಲೂ ಆಗಲೇ ತುಂಬಿದ್ದರೆ ಹೀಗೆ ಕೇಳುತ್ತದೆ. 'ನೋ' ಅನ್ನಿ. ಅಲ್ಲಿಗೇ ನಿಲ್ಲಿಸಿ ಗೊತ್ತಿದ್ದವರನ್ನು ಕರೆಯಿರಿ. ಹಾಗೆಯೇ, ಫೈಲುಗಳಿರುವ ಹಳೆಯ ಡಿಸ್ಕನ್ನು ಹಚ್ಚಿದಾಗ 'ಇನಿಶಿಯಲೈಸ್ ಡಿಸ್ಕ್' ಅಂತ ಬಂದರೆ 'ಓಕೆ' ಒತ್ತಬೇಡಿ. ಆ ಡಿಸ್ಕಿನ ಉತಾರವನ್ನು ವಿಂಡೋಸ್ ಓದಲಾಗುತ್ತಿಲ್ಲ. ಓಕೆ ಅಂದರೆ ಹೊಸ ಖಾಲಿ ಉತಾರ ಬರೆಯುತ್ತದೆ.

ವಿಂಡೋಸ್ ಜಾಗ ಬಿಡದಿದ್ದರೆ

ಸಿಯಲ್ಲಿ 300 ಜಿಬಿ ಖಾಲಿ ಇದ್ದರೂ ಎರಡನೇ ಸಾಲಿನಲ್ಲಿ ಬರೀ ಮೂವತ್ತೋ ನಲವತ್ತೋ ಸಾವಿರ ಎಂಬಿ ತೋರಿಸುವುದುಂಟು. ಖಾಲಿ ಹೊಲದ ನಡುವೆ ಒಂದು ಬಂಡೆ ಕೂತಿದೆ ಅಂತ ತಿಳಿಯಿರಿ. ವಿಂಡೋಸ್ ಕೆಲವು ಫೈಲುಗಳನ್ನು ಕದಲಿಸುವುದಿಲ್ಲ. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಅಂಥವು. ಆ ಫೈಲು ಎಲ್ಲಿ ಕೂತಿದೆಯೋ ಅದರ ಬಲಗಡೆಯ ಜಾಗ ಮಾತ್ರ ಬಿಡಿಸಲು ಸಿಗುತ್ತದೆ.

ಆಗ ರಿಸ್ಟೋರ್ ಪಾಯಿಂಟ್ ಇಡುವ 'ಸಿಸ್ಟಮ್ ಪ್ರೊಟೆಕ್ಷನ್' ಮತ್ತು ಪೇಜ್ ಫೈಲ್ ಬಳಸುವ 'ವರ್ಚುವಲ್ ಮೆಮರಿ' ಎರಡನ್ನೂ ಸ್ವಲ್ಪ ಹೊತ್ತಿಗೆ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಮಾಡಿ ನೋಡಿ. ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಇಷ್ಟಕ್ಕೇ ಜಾಗ ಬಿಡುತ್ತದೆ. ಕೆಲಸ ಮುಗಿದ ಮೇಲೆ ಎರಡನ್ನೂ ತಪ್ಪದೆ ಆನ್ ಮಾಡಿ.

ಫೋಲ್ಡರ್‌ಗಳನ್ನು ಡಿಗೆ ಕಳಿಸುವುದು

ಡಿ ಮಾಡಿ ಸುಮ್ನೆ ಬಿಟ್ಟರೆ ಅದು ಖಾಲಿಯೇ ಇರುತ್ತದೆ. ಕೈ ತಾನಾಗಿಯೇ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡುತ್ತದೆ. ಕೈಯ ರೂಢಿ ಬದಲಿಸುವುದಕ್ಕಿಂತ ಡೆಸ್ಕ್‌ಟಾಪನ್ನೇ ಡಿಗೆ ಸಾಗಿಸುವುದು ಸುಲಭ. ಮೊದಲು ಡಿಯಲ್ಲಿ 'ಡೆಸ್ಕ್‌ಟಾಪ್' ಹೆಸರಿನ ಒಂದು ಫೋಲ್ಡರ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಲೊಕೇಶನ್', 'ಮೂವ್' ಅಂತ ಹೋಗಿ ಆ ಫೋಲ್ಡರ್ ತೋರಿಸಿ. ಬರೀ ಡಿ ಡ್ರೈವನ್ನೇ ತೋರಿಸಬೇಡಿ. ಹಾಗೆ ಮಾಡಿದರೆ ಇಡೀ ಡಿ ನಿಮ್ಮ ಡೆಸ್ಕ್‌ಟಾಪ್ ಆಗಿಬಿಡುತ್ತದೆ, ಅದನ್ನು ಸರಿಮಾಡುವುದು ತಲೆನೋವು. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್‌ಗೂ ಒಂದೊಂದು ಫೋಲ್ಡರ್ ಮಾಡಿ ಹೀಗೇ ಕಳಿಸಿ. ಗಿರಾಕಿಗಳು ವಾಟ್ಸ್‌ಆಪ್‌ನಲ್ಲಿ ಕಳಿಸಿದ ಫೋಟೋ, ಮ್ಯಾಟರ್ ಎಲ್ಲ ಬಂದು ಬೀಳುವುದು ಸಾಮಾನ್ಯವಾಗಿ ಡೌನ್‌ಲೋಡ್ಸ್‌ನಲ್ಲೇ.

ಸಾಫ್ಟ್‌ವೇರ್‌ಗಳನ್ನು ಮಾತ್ರ ಸಿಯಲ್ಲೇ ಬಿಡಿ. ಡಿಯಲ್ಲಿ ಹಾಕಿದರೂ ಅವುಗಳ ಬೇರು ಸಿಯಲ್ಲೇ ಇರುತ್ತದೆ. ಸಿ ಫಾರ್ಮ್ಯಾಟ್ ಆದ ಮೇಲೆ ಜಾಸ್ತಿ ಸಾಫ್ಟ್‌ವೇರ್‌ಗಳನ್ನು ಮತ್ತೆ ಹಾಕಲೇಬೇಕು.

ಡಿಟಿಪಿಯವರು ಫಾಂಟ್ ಮರೆಯಬಾರದು. ಫಾಂಟ್‌ಗಳು ಸಿಯಲ್ಲೇ ಇರುತ್ತವೆ. ಲಗ್ನಪತ್ರದ ಫೈಲ್ ಡಿಯಲ್ಲಿ ಭದ್ರವಾಗಿ ಉಳಿದರೂ 'ನುಡಿ' ಸಾಫ್ಟ್‌ವೇರ್‌ನ ಹಳೆಯ ಫಾಂಟ್ ಇಲ್ಲದೆ ಅದನ್ನು ತೆರೆದರೆ, 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆದ್ದರಿಂದ ನೀವು ಬಳಸುವ ಎಲ್ಲ ಫಾಂಟ್ ಫೈಲುಗಳ ಒಂದು ಕಾಪಿ ಡಿಯಲ್ಲಿ 'ಫಾಂಟ್' ಅನ್ನುವ ಫೋಲ್ಡರ್‌ನಲ್ಲಿ ಇರಲಿ, ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ.

ತಪ್ಪಿ ಒಂದು ಪಾಲು ಡಿಲೀಟ್ ಆದರೆ

ಕೂಡಲೇ ಕೈ ತೆಗೆಯಿರಿ. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಆಗ ಅಳಿಸಿರುವುದು ಉತಾರದ ಸಾಲು ಮಾತ್ರ. ಹಾರ್ಡ್ ಡಿಸ್ಕ್ ಆದರೆ ಬೆಳೆ ಹೊಲದಲ್ಲೇ ನಿಂತಿರುತ್ತದೆ. ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಳೆಯ ಪಾಲಿನ ಗಡಿ ಹುಡುಕಿ ಆ ಸಾಲನ್ನು ಮತ್ತೆ ಬರೆಯಬಲ್ಲದು. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. ಫಾರ್ಮ್ಯಾಟ್ ಮಾಡಿದರೆ ಅಥವಾ ಫೈಲ್ ಅಳಿಸಿದರೆ ಆ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡಿಕೊಳ್ಳುತ್ತದೆ.

ಮುಂದೆ ವಿಂಡೋಸ್ ಹಾಕುವ ದಿನ

'ರೀಸೆಟ್ ದಿಸ್ ಪಿಸಿ' ಮಾಡಿ ಎಲ್ಲವನ್ನೂ ತೆಗೆಯುವ ದಾರಿ ಹಿಡಿದರೆ, ಎಲ್ಲ ಡ್ರೈವ್‌ಗಳನ್ನೂ ಅಳಿಸಲಾ ಅಥವಾ ವಿಂಡೋಸ್ ಇರುವ ಡ್ರೈವ್ ಮಾತ್ರ ಸಾಕಾ ಅಂತ ಆಯ್ಕೆ ಇರುತ್ತದೆ. ವಿಂಡೋಸ್ ಇರುವುದು ಮಾತ್ರ ಅನ್ನಿ. ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವಾಗ ಇನ್ನೂ ಹುಷಾರಾಗಿರಬೇಕು. ಅಲ್ಲಿ ಸಿ, ಡಿ ಅಂತ ಅಕ್ಷರ ಕಾಣುವುದಿಲ್ಲ. 'ಪಾರ್ಟಿಷನ್ 3', 'ಪಾರ್ಟಿಷನ್ 4' ಅಂತ ಅಂಕಿ, ಅದರ ಪಕ್ಕದ ಲೇಬಲ್ ಮತ್ತು ಗಾತ್ರದ ಮೇಲೆಯೇ ಗುರುತು ಹಿಡಿಯಬೇಕು. ಲೇಬಲ್ ಕೊಟ್ಟಿದ್ದರ ಉಪಯೋಗ ಆಗ ಗೊತ್ತಾಗುತ್ತದೆ.

ಇವತ್ತೇ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: "ಸಿ, 225 ಜಿಬಿ, ವಿಂಡೋಸ್, ಫಾರ್ಮ್ಯಾಟ್ ಮಾಡಬಹುದು. ಡಿ, 250 ಜಿಬಿ, ಕೆಲಸ, ಮುಟ್ಟಬೇಡಿ." ಅದನ್ನು ಕ್ಯಾಬಿನೆಟ್‌ನ ಮುಂಭಾಗಕ್ಕೆ ಸೆಲ್ಲೋ ಟೇಪಿನಿಂದ ಅಂಟಿಸಿ. ವಿಂಡೋಸ್ ಹಾಕಲು ಯಾರೇ ಬಂದರೂ ಅವರ ಕಣ್ಣಿಗೆ ಮೊದಲು ಅದೇ ಬೀಳಲಿ.