ಕೆಲಸದಿಂದ ತೆಗೆದರಾ? ಮೊದಲ ಮೂರು ದಿನ ಹೀಗೆ ಮಾಡಿ

ಪೀಣ್ಯದ ನಮ್ಮ ಯೂನಿಯನ್ ಆಫೀಸಿಗೆ ಯಾರೇ ಬರಲಿ, ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ‘ಎಲ್ಲಾದರೂ ಸೈನ್ ಹಾಕಿದ್ರಾ?’ ಎಷ್ಟೋ ಜನ ಉತ್ತರ ಕೊಡದೆ ತಲೆ ತಗ್ಗಿಸುತ್ತಾರೆ.

ಈಚೆಗೆ ಗಾರ್ಮೆಂಟ್ಸ್‌ನ ಒಬ್ಬ ಅಕ್ಕ ಬಂದಿದ್ದರು. ಹನ್ನೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ಟೈಲರ್. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು, ಒಳಗಿನ ಅನ್ನ ಹಾಗೇ ಇತ್ತು. ಹತ್ತು ಗಂಟೆಗೆ ಎಚ್‌ಆರ್ ರೂಮಿಗೆ ಕರೆದು, ‘ನಾಳೆಯಿಂದ ಬರೋದು ಬೇಡಮ್ಮ, ಪಿಎಫ್ ಬೇಗ ಸಿಗಬೇಕಂದ್ರೆ ಇಲ್ಲಿ ಸೈನ್ ಹಾಕು’ ಅಂದರಂತೆ. ಹಾಕಿ ಬಂದಿದ್ದರು. ಇಂಗ್ಲಿಷ್‌ನಲ್ಲಿದ್ದ ಆ ಹಾಳೆ ರಾಜೀನಾಮೆ ಪತ್ರ. ಕಂಪನಿ ತೆಗೆದುಹಾಕಿದ್ದು ಕಾಗದದ ಮೇಲೆ ಅವರೇ ಬಿಟ್ಟುಹೋದಂತಾಯಿತು.

ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾನೂನುಗಳ ಜಾಗದಲ್ಲಿ ಈಗ ಇವೇ. ವಾಯಿದೆಗಳು ಕೆಲವು ಕಡೆ ಬದಲಾಗಿವೆ. ಆದರೆ ಕಾರ್ಮಿಕರು ಎಡವುವ ಜಾಗ ಮಾತ್ರ ಬದಲಾಗಿಲ್ಲ.

ಹಂತ 1: ಕಾಗದ ಇವತ್ತೇ ಜೋಡಿಸಿ

ಕೆಲಸದಲ್ಲಿ ಇರುವಾಗಲೇ ಮಾಡಬೇಕಾದ್ದು ಇದು. ನೇಮಕಾತಿ ಪತ್ರ, ಪೇ ಸ್ಲಿಪ್, ಐಡಿ ಕಾರ್ಡಿನ ಎರಡೂ ಬದಿಯ ಫೋಟೊ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ನಂಬರ್, ಪಿಎಫ್‌ನ ಯುಎಎನ್ ನಂಬರ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್. ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಮನೆಯಲ್ಲಿಡಿ, ಲಾಕರಿನಲ್ಲಿ ಬೇಡ. ಗೇಟ್ ಮುಚ್ಚಿದ ದಿನ ಲಾಕರ್ ಒಳಗೇ ಉಳಿಯುತ್ತದೆ.

ಹಂತ 2: ಸೈನ್ ಬೇಡ, ಅರ್ಜಿ ಬೇಕು

ಕೇಸ್ ನಿಲ್ಲುವುದೂ ಬೀಳುವುದೂ ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ನಿಮ್ಮನ್ನು ತೆಗೆಯಬೇಕೆಂದು ಕಂಪನಿ ಮನಸ್ಸು ಮಾಡಿದರೆ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಒಂದು, ರಾಜೀನಾಮೆ ಬರೆಸಿಕೊಳ್ಳುವುದು. ಇನ್ನೊಂದು, ಗೇಟಿನಲ್ಲೇ ತಡೆದು ಬಾಯಿಮಾತಲ್ಲಿ ‘ಬರಬೇಡ’ ಅಂದು, ಆಮೇಲೆ ‘ಇವರು ಹೇಳದೆ ಕೇಳದೆ ಕೆಲಸ ಬಿಟ್ಟರು’ ಎಂದು ಕೋರ್ಟಿನಲ್ಲಿ ಹೇಳುವುದು. ಎರಡನೆಯದು ತುಂಬಾ ಅಪಾಯದ್ದು. ಸೆಕ್ಯುರಿಟಿಯವರು ತಡೆದರು ಅನ್ನುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ನೀವು ಬರಲಿಲ್ಲ ಅನ್ನುವುದಕ್ಕೆ ಅವರ ಹಾಜರಿ ಪುಸ್ತಕ ಇರುತ್ತದೆ.

ಆದ್ದರಿಂದ ರೂಮಿಗೆ ಕರೆದರೆ ಹೇಳಬೇಕಾದ್ದು ಇಷ್ಟೇ: ‘ಸರ್, ಮನೆಗೆ ಒಯ್ದು ಓದಿಸಿಕೊಂಡು ಬರ್ತೀನಿ, ಕಾಪಿ ಕೊಡಿ.’ ಜಗಳ ಆಡಬೇಡಿ, ಕೂಗಾಡಬೇಡಿ. ಕೂಗಿದರೆ ‘ದುರ್ವರ್ತನೆ’ ಎಂದು ಅದೇ ಕಾರಣ ಆಗುತ್ತದೆ. ಖಾಲಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರಿಗೆ ಯಾವತ್ತೂ ಸೈನ್ ಬೇಡ. ‘ಎಲ್ಲರೂ ಹಾಕಿದ್ದಾರೆ, ಸುಮ್ನೆ ಫಾರ್ಮಾಲಿಟಿ’ ಅಂದರೂ ಬೇಡ. ಇನ್ನೊಂದು ಗೊತ್ತಿರಲಿ: ಪಿಎಫ್ ನಿಮ್ಮ ದುಡ್ಡು. ಅದು ಸಿಗಲು ರಾಜೀನಾಮೆ ಬರೆಯಲೇಬೇಕು ಅನ್ನುವುದು ಸುಳ್ಳು.

ಹೆದರಿ ಹಾಕಿಬಿಟ್ಟಿದ್ದರೆ? ಅವತ್ತೇ ಸಂಜೆಯೊಳಗೆ ‘ಒತ್ತಾಯದಿಂದ ಸೈನ್ ಪಡೆದಿದ್ದೀರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಅದನ್ನು ಹಿಂಪಡೆಯುತ್ತಿದ್ದೇನೆ, ಕೆಲಸಕ್ಕೆ ಸಿದ್ಧ’ ಎಂದು ಬರೆದು ಕಳಿಸಿ. ನಾಲ್ಕು ತಿಂಗಳ ಮೇಲೆ ಬರೆದರೆ ಯಾರೂ ನಂಬುವುದಿಲ್ಲ. ಆ ಅಕ್ಕನ ಕೈಯಲ್ಲಿ ಅವತ್ತು ಮಧ್ಯಾಹ್ನ ಮೂರಕ್ಕೇ ಬರೆಸಿದೆವು.

ಗೇಟಿನಲ್ಲಿ ತಡೆದಿದ್ದರೆ ಬರೆಯಬೇಕಾದ ಅರ್ಜಿ ಹೀಗಿರಲಿ:

‘ನಾನು ನಿಮ್ಮ ಕಾರ್ಖಾನೆಯಲ್ಲಿ ಇಂಥ ವರ್ಷದಿಂದ ಇಂಥ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಟೋಕನ್ ನಂಬರ್ ಇಷ್ಟು. ಇಂಥ ತಾರೀಕು ಬೆಳಿಗ್ಗೆ 8.50ಕ್ಕೆ ಡ್ಯೂಟಿಗೆ ಬಂದಾಗ ಗೇಟಿನಲ್ಲಿ ಇಂಥವರು ನನ್ನನ್ನು ತಡೆದು, ಕೆಲಸದಿಂದ ತೆಗೆಯಲಾಗಿದೆ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ಯಾವ ನೋಟಿಸನ್ನೂ ಕೊಟ್ಟಿಲ್ಲ, ವಿಚಾರಣೆಯನ್ನೂ ಮಾಡಿಲ್ಲ. ನಾನು ಕೆಲಸ ಬಿಟ್ಟಿಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ. ದಯವಿಟ್ಟು ಕೆಲಸಕ್ಕೆ ಸೇರಿಸಿಕೊಳ್ಳಿ.’

ಇಷ್ಟು ಸಾಕು. ಸೂಪರ್‌ವೈಸರ್ ಬೈದದ್ದು, ಹಿಂದಿನ ದೀಪಾವಳಿ ಬೋನಸ್ಸಿನ ಜಗಳ, ಯಾವುದೂ ಇಲ್ಲಿ ಬೇಡ. ತಾರೀಕು, ಹೊತ್ತು, ಯಾರು ತಡೆದರು ಅನ್ನುವುದು ಇರಲೇಬೇಕು. ಕನ್ನಡದಲ್ಲೇ ಬರೆಯಿರಿ, ನಿಮ್ಮ ಕೈಯಲ್ಲೇ ಬರೆಯಿರಿ. ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿ ಲೀಗಲ್ ನೋಟಿಸ್ ಫಾರ್ಮ್ಯಾಟ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇರೆ ರಾಜ್ಯದ ಕಾನೂನು, ರದ್ದಾದ ಸೆಕ್ಷನ್ ಎಲ್ಲ ಅದರಲ್ಲಿ ಕಲಸಿಕೊಂಡಿರುತ್ತದೆ. ಸಹಿ ಹಾಕಿದವರಿಗೇ ಅದರಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಪಾಟಿಸವಾಲಿನಲ್ಲಿ ಅಲ್ಲೇ ಸಿಕ್ಕಿಬೀಳುತ್ತಾರೆ.

ಅಂಚೆ ಕಚೇರಿಗೆ ಹೋಗಿ ಕಳಿಸಿ. ಹಳೆಯ ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯನ್ನು ಜೆರಾಕ್ಸ್ ಮಾಡಿಸಿಡಿ, ಆ ಕಾಗದದ ಮೇಲಿನ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ. ಪತ್ರ ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆಸಿ. ಅದೇ ಅರ್ಜಿಯ ಫೋಟೊವನ್ನು ಎಚ್‌ಆರ್ ವಾಟ್ಸಾಪ್‌ಗೂ ಹಾಕಿ. ಆದರೆ ವಾಟ್ಸಾಪ್ ಒಂದನ್ನೇ ನಂಬಬೇಡಿ, ಫೋನ್ ಬದಲಿಸುವಾಗ ಮೆಸೇಜ್ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಎರಡನೇ ದಿನ, ಮೂರನೇ ದಿನವೂ ಗೇಟಿಗೆ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಪತ್ರ ತಲುಪಿದ ಮೇಲೆ ಕಂಪನಿ ‘ನಾವು ತೆಗೆದೇ ಇಲ್ಲ, ಬಂದು ಸೇರಿಕೊಳ್ಳಿ’ ಎಂದು ಉತ್ತರ ಕೊಡುವುದುಂಟು. ಆಗ ಸಿಟ್ಟಿನಲ್ಲಿ ‘ಇನ್ನು ಆ ಮೆಟ್ಟಿಲು ಹತ್ತಲ್ಲ’ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾರನೇ ದಿನವೇ ಆ ಪತ್ರ ಹಿಡಿದು ಹೋಗಿ. ಹೋಗದಿದ್ದರೆ ಅವರ ಮಾತೇ ನಿಜವಾಗುತ್ತದೆ.

ಅಪವಾದ ಹೊರಿಸಿ ಶೋಕಾಸ್ (ಕಾರಣ ಕೇಳುವ) ನೋಟಿಸ್ ಕೊಟ್ಟರೆ ಅದನ್ನು ತೆಗೆದುಕೊಳ್ಳಿ. ಹೇಳಿದ ದಿನದೊಳಗೆ ಉತ್ತರ ಬರೆಯಿರಿ. ಒಳ ವಿಚಾರಣೆ ಇಟ್ಟರೆ ತಪ್ಪದೆ ಹೋಗಿ, ಸಹೋದ್ಯೋಗಿಯೊಬ್ಬರ ನೆರವು ಕೇಳಿ. ಹೋಗದಿದ್ದರೆ ನಿಮ್ಮನ್ನು ಬಿಟ್ಟೇ ಮುಗಿಸುತ್ತಾರೆ. ಸಸ್ಪೆಂಡ್ ಮಾಡಿದ್ದರೆ ಮೊದಲ 90 ದಿನ ಅರ್ಧ ಸಂಬಳ, ವಿಚಾರಣೆ ಎಳೆದದ್ದು ನಿಮ್ಮ ತಪ್ಪಿಲ್ಲದೆ ಆಗಿದ್ದರೆ ಆಮೇಲೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕು.

ತಪ್ಪಿಲ್ಲದೆ, ಕೆಲಸ ಕಡಿಮೆ ಎಂದು ತೆಗೆದರೆ ಲೆಕ್ಕ ಬೇರೆ. ಒಂದು ವರ್ಷ ಸೇವೆ ಆದವರಿಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಒಂದು ವರ್ಷ ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿರಬೇಕು. ಇದು ಕಾನೂನಿನಲ್ಲಿ ‘ಕಾರ್ಮಿಕ’ ಎನಿಸಿಕೊಂಡವರಿಗೆ. ಮ್ಯಾನೇಜರ್ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿ ಮೀರಿದ ಸೂಪರ್‌ವೈಸರ್‌ಗಳು ಇದರಲ್ಲಿ ಬರುವುದಿಲ್ಲ. ಹುದ್ದೆಯ ಹೆಸರು ನೋಡಿ ಹೆದರಬೇಡಿ, ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನುವುದೇ ಲೆಕ್ಕ. ಅಂಗಡಿ, ಆಫೀಸಿನವರಿಗೆ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯುವಂತಿಲ್ಲ.

ಹಂತ 3: ಲೇಬರ್ ಆಫೀಸ್

ಪೊಲೀಸ್ ಸ್ಟೇಷನ್‌ಗೆ ಅಲೆಯಬೇಡಿ, ಅಲ್ಲಿ ಈ ಕೆಲಸ ಆಗುವುದಿಲ್ಲ. ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರಿಗೆ ಅರ್ಜಿ ಕೊಡಿ. ಯಾವ ಆಫೀಸ್ ಎಂದು ಗೊತ್ತಾಗದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲೂ ಕೇಳಬಹುದು. ಕೊಟ್ಟ ಅರ್ಜಿಯ ನಿಮ್ಮ ಕಾಪಿ ಮೇಲೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಅಧಿಕಾರಿ ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸಲು ನೋಡುತ್ತಾರೆ. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಅವರು ಕೈಗೆತ್ತಿಕೊಳ್ಳುವಂತಿಲ್ಲ. ರಾಜಿ ಆಗದಿದ್ದರೆ ವರದಿ ಕೊಡುತ್ತಾರೆ. ಅದು ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಮ್ಮ ಬಾಯಲ್ಲಿ ಅದು ಈಗಲೂ ಲೇಬರ್ ಕೋರ್ಟೇ. ಈ 90 ದಿನ ಹೊಸ ಸಂಹಿತೆಯಲ್ಲಿ ಬಂದಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ವಕೀಲರಿಗೆ ದುಡ್ಡಿಲ್ಲ ಎಂದು ಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ವಕೀಲರಿಗೆ ಅರ್ಹರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರಿದ್ದಾರೆ, ಎಲ್ಲ ಮಹಿಳೆಯರೂ ಇದ್ದಾರೆ. ಜಿಲ್ಲಾ ಕೋರ್ಟಿನಲ್ಲೇ ಆ ಆಫೀಸ್ ಇರುತ್ತದೆ, ಫೋನ್ 15100. ‘ಬಂದ ದುಡ್ಡಲ್ಲಿ ಪರ್ಸೆಂಟ್ ಕೊಡಿ ಸಾಕು’ ಅನ್ನುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಒರಿಜಿನಲ್ ಕಾಗದಗಳನ್ನು ಅವರ ಕೈಗಂತೂ ಕೊಡಲೇಬೇಡಿ.

ಕ್ಲೇಮ್ ಅರ್ಜಿಯಲ್ಲಿ ಒಂದು ವಾಕ್ಯ ಇದೆಯಾ ಎಂದು ನೀವೇ ಓದಿ ನೋಡಿ: ‘ತೆಗೆದ ದಿನದಿಂದ ಬೇರೆ ಕಡೆ ಸಂಬಳದ ಕೆಲಸ ಸಿಕ್ಕಿಲ್ಲ.’ ಹಿಂಬಾಕಿ ಸಂಬಳ ಬೇಕಾದರೆ ಕಾರ್ಮಿಕರು ಇದನ್ನು ಹೇಳಿರಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟಪಡಿಸಿದೆ. ಸಣ್ಣಪುಟ್ಟ ಕೂಲಿ ಮಾಡಿದ್ದರೆ ಅದನ್ನೂ ನಿಜವಾಗಿ ಬರೆಯಿರಿ.

ಹಂತ 4: ಸಂಬಳದ ಬಾಕಿ

ಇದು ಅಷ್ಟು ಕಷ್ಟವಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ತೆಗೆದರೂ, ನೀವೇ ಬಿಟ್ಟರೂ ಉಳಿದ ಸಂಬಳ ಎರಡು ಕೆಲಸದ ದಿನದೊಳಗೆ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ಎರಡು ಪಟ್ಟು. ಎಲ್ಲ ಕಡಿತ ಸೇರಿ ಅರ್ಧ ಸಂಬಳ ಮೀರುವಂತಿಲ್ಲ. ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕಾಂಟ್ರಾಕ್ಟರ್ ಕೈ ಎತ್ತಿದರೆ ಮುಖ್ಯ ಕಂಪನಿಯೇ ಕೊಡಬೇಕು, ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಹಾಕಿ.

ಐದು ವರ್ಷ ಆಗಿದ್ದರೆ ಗ್ರಾಚುಟಿ, ಅಂದರೆ ಸೇವೆಯ ವರ್ಷಗಳಿಗೆ ಮಾಲೀಕರು ಕೊಡಬೇಕಾದ ಇಡುಗಂಟು, ಮರೆಯಬೇಡಿ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 18,200 ರೂಪಾಯಿ ಸಂಬಳ, ಏಳು ವರ್ಷ ಸೇವೆ ಅಂದರೆ 73,500.

ಹಂತ 5: ಪೆಟ್ಟಾದಾಗ ಡಾಕ್ಟರ ಮುಂದೆ ನಿಜ ಹೇಳಿ

ಇಲ್ಲೂ ಜನ ಮೊದಲ ಗಂಟೆಯಲ್ಲೇ ಸೋಲುತ್ತಾರೆ. ಪವರ್ ಪ್ರೆಸ್‌ನಲ್ಲಿ ಹೆಬ್ಬೆರಳು ಹೋದ ಹುಡುಗನೊಬ್ಬನ ಕೇಸ್ ಶೀಟ್ ನಾನೇ ಓದಿದ್ದೇನೆ. ‘ಬೈಕಿನಿಂದ ಬಿದ್ದ ಗಾಯ’ ಅಂತಿತ್ತು. ಜೊತೆಗೆ ಬಂದ ಸೂಪರ್‌ವೈಸರ್ ಹಾಗೆ ಬರೆಸಿದ್ದ. ‘ಖರ್ಚೆಲ್ಲ ನಾವು ನೋಡ್ಕೋತೀವಿ, ಕಂಪನಿ ಹೆಸರು ತರಬೇಡ’ ಎಂದು ಹೇಳಿದ್ದನಂತೆ. ಹುಡುಗನಿಗೆ ಆಗ ನೋವು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಆ ಒಂದು ಸಾಲು ಅಳಿಸಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹಾಗಾಗಿ ಡಾಕ್ಟರ್ ಕೇಳಿದಾಗ ಯಾವ ಕಂಪನಿ, ಯಾವ ಮೆಷಿನ್, ಎಷ್ಟು ಹೊತ್ತಿಗೆ ಎಂದು ಸರಿಯಾಗಿ ಹೇಳಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಿಸಿ. ಮಾತಾಡಲು ಆಗದ ಸ್ಥಿತಿಯಲ್ಲಿದ್ದರೆ ಜೊತೆಗೆ ಹೋದ ಗೆಳೆಯರು ಹೇಳಲಿ. ಮೆಷಿನ್‌ನ ಫೋಟೊ, ಗಾರ್ಡ್ ಇತ್ತೋ ಇಲ್ಲವೋ, ಪಕ್ಕದಲ್ಲಿ ಯಾರಿದ್ದರು, ಎಲ್ಲ ಅವತ್ತೇ ಆಗಬೇಕು. ಮಾರನೇ ದಿನ ಹೊಸ ಗಾರ್ಡ್ ಕೂರಿಸಿರುತ್ತಾರೆ.

ಸಂಬಳ 21,000ದೊಳಗಿದ್ದು ಇಎಸ್‌ಐ ಇದ್ದರೆ ಅಪಘಾತದ ವರದಿಯನ್ನು ಕಂಪನಿ ಇಎಸ್‌ಐಗೆ ಕಳಿಸಬೇಕು. ಕಳಿಸಿದ್ದಾರಾ ಎಂದು ಶಾಖಾ ಕಚೇರಿಗೆ ಹೋಗಿ ನೀವೇ ಕೇಳಿ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಸಂಬಳದ 90 ಶೇಕಡಾ ಸಿಗುತ್ತದೆ. ಇದಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಎಂಬ ಷರತ್ತಿಲ್ಲ, ಸೇರಿದ ದಿನವೇ ಪೆಟ್ಟಾದರೂ ಸರಿ. ಆ ಭತ್ಯೆ ಪಡೆಯುವಾಗ ಕೆಲಸದಿಂದ ತೆಗೆಯುವಂತಿಲ್ಲ.

ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು. ಅರ್ಜಿಗೆ ಎರಡು ವರ್ಷದ ವಾಯಿದೆ. 35 ವರ್ಷದ, 14,000 ಸಂಬಳದ ಒಬ್ಬರ ಹೆಬ್ಬೆರಳು ಪೂರ್ತಿ ಹೋಯಿತು ಎಂದಿಟ್ಟುಕೊಳ್ಳಿ. ಸಂಬಳದ 60 ಶೇಕಡಾ ಅಂದರೆ 8,400. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಾಂಕ 197.06. ಹೆಬ್ಬೆರಳಿಗೆ ಪಟ್ಟಿಯಲ್ಲಿರುವ ನಷ್ಟ 30 ಶೇಕಡಾ. ಗುಣಿಸಿದರೆ ಸುಮಾರು 4,96,590 ರೂಪಾಯಿ. ಇಂಥವರಿಗೆ 20,000 ಕೊಟ್ಟು ಬಾಂಡ್ ಪೇಪರ್ ಬರೆಸಿಕೊಳ್ಳುತ್ತಾರೆ. ಪರಿಹಾರದ ಹಕ್ಕು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಈಗಾಗಲೇ ಬರೆದುಕೊಟ್ಟಿದ್ದರೂ ಅರ್ಜಿ ಹಾಕಿ.

ಮನೆಯಿಂದ ಡ್ಯೂಟಿಗೆ ಬರುವಾಗ, ಡ್ಯೂಟಿ ಮುಗಿಸಿ ಹೋಗುವಾಗ ಆದ ಅಪಘಾತವೂ ಕೆಲಸದ ಅಪಘಾತವೇ, ಹೊತ್ತು ಮತ್ತು ದಾರಿ ಕೆಲಸಕ್ಕೆ ಹೊಂದಿಕೆಯಾಗಬೇಕು ಅಷ್ಟೇ. ಪಂಚಿಂಗ್ ಸಮಯ, ಬಸ್ ಟಿಕೆಟ್ ಎತ್ತಿಡಿ.

ಕೊನೆಗೆ ಸೆಟ್ಲ್‌ಮೆಂಟ್

ರಾಜಿಗೆ ಒಪ್ಪುವುದು ತಪ್ಪಲ್ಲ. ಆದರೆ ಲೇಬರ್ ಆಫೀಸರ್ ಎದುರಿಗೇ ಬರೆಸಿ. ಸಂಬಳ, ನೋಟಿಸ್ ಪೇ, ಗ್ರಾಚುಟಿ, ರಜೆ ದುಡ್ಡು ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ, ಒಟ್ಟು ಮೊತ್ತ ಮಾತ್ರ ಬರೆದ ಹಾಳೆ ಬೇಡ. ದುಡ್ಡು ಚೆಕ್ ಅಥವಾ ಬ್ಯಾಂಕಿನಲ್ಲೇ ಬರಲಿ. ‘ಪೂರ್ತಿ ಮುಟ್ಟಿದೆ’ ಎಂದು ಬರೆಯುವುದು ಅದು ಖಾತೆಗೆ ಬಿದ್ದ ಮೇಲೆ. ಆ ಟೈಲರ್ ಅಕ್ಕ ಹಾಗೇ ಮಾಡಿದರು. ಆಫೀಸರ್ ಮೇಜಿನ ಮುಂದೆ ಕೂತು, ಮೊಬೈಲಿಗೆ ಬ್ಯಾಂಕ್ ಮೆಸೇಜ್ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.